ನೀಲಾ ಸುತ್ತು ಹಾಕಿದ ತಾರೀಖು

ಅಂದು ಬೆಳಿಗ್ಗೆ ಎಂದಿನಂತೆ ಚಹಾ ಸೋಸಿ ಇವರ ಡಬ್ಬಿಗೆ ರೊಟ್ಟಿ ಮಡಚಿ ಇಡುತ್ತಿದ್ದೆ. ಗೋಕುಲ ರಸ್ತೆಯ ಪಂಪಿನ ಕಾರ್ಖಾನೆಯಿಂದ ಲಾರಿ ಹೊರಡಲು ಇವರು ಆಫೀಸಿನ ಆ್ಯಪಿನಲ್ಲಿ ಒಪ್ಪಿಗೆ ಒತ್ತಬೇಕು. ಒತ್ತಿದರೆ ಗೇಟಿಗೆ ತಾನಾಗಿ ಸಂದೇಶ ಹೋಗಿ ಫೋನು ‘ಟಿಂಗ್’ ಎನ್ನುತ್ತದೆ. ಅಂದು ಎನ್ನಲಿಲ್ಲ.

“ನೀಲಾ ಇದ್ದಿದ್ರ ಐದು ನಿಮಿಷದ ಕೆಲಸ,” ಎಂದರು ಇವರು.

ಆ ಏರ್ಪಾಟು ಮಾಡಿದವಳೇ ನೀಲಾ. ಇವರ ಆಫೀಸಿನವಳು, ನಮ್ಮ ಹಿಂದಿನ ಓಣಿಯಲ್ಲಿ ಬಾಡಿಗೆಗೆ ಇದ್ದಳು. ಬೆಳಗಾವಿಯ ಕೆಲಸಕ್ಕೆ ಹೋಗಿ ಎರಡು ತಿಂಗಳಾದರೂ ನಮ್ಮ ಮನೆಯಲ್ಲಿ ಅವಳ ಹೆಸರು ಸವೆದಿರಲಿಲ್ಲ.

ಕೀಬೋರ್ಡ್ ಮುಟ್ಟುವ ಮುನ್ನ ಹಸಿರು ಬಳೆಗಳನ್ನು ಮೇಲಕ್ಕೆ ಏರಿಸಿಕೊಳ್ಳುವುದು ಅವಳ ರೂಢಿ. ಹಿಂದೊಮ್ಮೆ ರವಿವಾರ ಸಂದೇಶಗಳು ನಿಂತಾಗ ನಮ್ಮ ಅಡುಗೆಕಟ್ಟೆಯ ಮೇಲೆಯೇ ಲ್ಯಾಪ್‌ಟಾಪ್ ತೆರೆದಳು. ಇವರು ಇಂಟರ್ನೆಟ್ಟನ್ನು ಬೈಯುತ್ತಿದ್ದರು.

“ಯಾರ ಹೆಸರಿಲೆ ಜೋಡಿಸೇವಿ, ಅದನ್ನ ಮೊದಲ ನೋಡ್ರಿ ಸರ್. ಟೋಕನ್ ಅಂದ್ರ ಬಸ್ ಪಾಸ್ ಇದ್ದಂಗ. ತಾರೀಖು ಮುಗೀತಂದ್ರ ಕಂಡಕ್ಟರ್ ಮಾರಿ ನೋಡಿ ಬಿಡಾಂಗಿಲ್ಲ.”

ಮತ್ತೆ ಲಾಗಿನ್ ಮಾಡಿದಳು. ಟಿಂಗ್. ಇವರು ತಾವೇ ಎದ್ದು ಅವಳಿಗೆ ನೀರು ತಂದುಕೊಟ್ಟರು. ನನಗೆ ಜ್ವರ ಬಂದಾಗ ಲೋಟ ಎಲ್ಲಿದೆ ಎಂದು ನನ್ನನ್ನೇ ಕೇಳಿದ್ದವರು. ಕಾನ್ವೆಂಟಿನಲ್ಲಿ ಓದಿದ ನಾನು, ಗರಗದ ಹಳ್ಳಿಶಾಲೆಯಲ್ಲಿ ಕಲಿತವಳ ಇಂಗ್ಲಿಷನ್ನು ಮನಸ್ಸಿನಲ್ಲೇ ತಿದ್ದುತ್ತ ನಿಂತಿದ್ದೆ.

ಊರು ಬಿಡುವ ಮುಂಚೆ ಹೇಳಿ ಹೋಗಲು ಬಂದವಳಿಗೆ ಕುಂಕುಮ ಕೊಟ್ಟೆ. ಗ್ಯಾಸು, ಹಾಲು ಬರೆದಿಡುವ ನನ್ನ ಕ್ಯಾಲೆಂಡರಿನಲ್ಲಿ ಅವಳು ಒಂದು ತಾರೀಖಿಗೆ ಸುತ್ತು ಹಾಕಿದಳು.

“ಅಕ್ಕಾರ, ನನ್ನ ಹೆಸರಿನ ಟೋಕನ್ ಅವತ್ತಿಗೆ ಮುಗೀತೈತ್ರಿ. ಅದಕ್ಕ ಮೊದಲ ಸರ್ ತಮ್ಮ ಹೆಸರಿಲೆ ಜೋಡಿಸ್ಲಿ. ಅವ್ರು ಗಡಿಬಿಡ್ಯಾಗ ಮರೀತಾರ, ನಿಮಗ ಹೇಳಿದ್ರ ಸಾಕು.”

ನಾನು ಮರೆಯಲಿಲ್ಲ. ದಿನವೂ ಆ ಸುತ್ತನ್ನು ನೋಡಿದೆ. ಅವಳು ಮಾಡಿದ್ದೂ ಒಮ್ಮೆ ಕೆಡಲಿ ಎಂದು ಸುಮ್ಮನಿದ್ದೆ.

ಆ ತಾರೀಖು ದಾಟಿದ್ದ ಅಂದಿನ ಬೆಳಿಗ್ಗೆ ಇವರು ಅವಳಿಗೆ ಫೋನ್ ಹಚ್ಚಿದರು. ಎಲ್ಲಿ ಒತ್ತಬೇಕೆಂದು ಒಂದೊಂದಾಗಿ ಹೇಳಿಕೊಟ್ಟಳು. ಟಿಂಗ್ ಎಂದ ಮೇಲೆ ಇವರು ರೇಗಿದರು, “ಇದನ್ನ ಮೊದಲ ಯಾಕ ಹೇಳಲಿಲ್ಲ?”

ಸ್ಪೀಕರಿನಲ್ಲಿ ಬಳೆಗಳ ಸದ್ದಾಯಿತು, ಆಮೇಲೆ ಅವಳ ದನಿ.

“ನಾನ ಮರ್ತೇನ್ರಿ ಸರ್, ತಪ್ಪಾತು.”

ನಾನು ಮಡಚಿದ ರೊಟ್ಟಿಯನ್ನೇ ಮತ್ತೆ ಮಡಚಿದೆ.

ಸಂಜೆ ಇವರು ಬಾಗಿಲಲ್ಲಿ ಬೂಟು ಬಿಚ್ಚುತ್ತ, ಪಕ್ಕದ ಮನೆಯ ಕಮಲಾಬಾಯಿಗೆ ಬೆಳಗಿನ ಫಜೀತಿ ಹೇಳುತ್ತಿದ್ದರು. ಆಕೆ ಹೆಪ್ಪಿಗೆಂದು ಬಂದಿದ್ದರು. ನನ್ನತ್ತ ಬಟ್ಟಲು ಚಾಚುತ್ತ ಅಂದರು:

“ಹೌದೇನ್ರಿ? ಹೋಗುಮುಂದ ನೀಲಾ ನನ್ನ ಮುಂದ ಅಂದಿದ್ಲಲ್ಲ, ‘ತಾರೀಖು ಅಕ್ಕಾರಿಗೆ ಹೇಳೇನ್ರಿ, ಇನ್ನ ಚಿಂತಿಲ್ಲ, ಅವ್ರು ಏನೂ ಮರಿಯೂದಿಲ್ಲ’ ಅಂತ. ಹೆಪ್ಪು ಒಂದ್ ಚಮಚ ಸಾಕ್ರಿ.”