ಪುಕ್ಕಲಕ್ಕ ಕೂಡಿಟ್ಟ ಲಾಗುಗಳು

ಆಸ್ಪತ್ರೆಯವರೆಲ್ಲ ಅವಳನ್ನು ಪುಕ್ಕಲಕ್ಕ ಎಂದೇ ಕರೆಯುತ್ತಿದ್ದರು, ಅದೂ ಎದುರಿಗೇ. ಅವಳಿಗೂ ಬೇಸರವಿರಲಿಲ್ಲ. ಮನೆಗೆ ಬೀಗ ಹಾಕಿ, ಜಗ್ಗಿ ನೋಡಿ, ಮೆಟ್ಟಿಲಿಳಿದು, ಮತ್ತೆ ಹತ್ತಿ ಹೋಗಿ ಇನ್ನೊಂದು ಸಲ ಜಗ್ಗಿ ಬರುವ ಹೆಂಗಸು ಅವಳು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬ ಅನುಮಾನದಲ್ಲಿ ಅರ್ಧ ದಾರಿಯಲ್ಲಿ ಬಸ್ಸಿಳಿದು ವಾಪಸು ಹೋದದ್ದುಂಟು. ಹೀಗೇ ಜಗ್ಗುತ್ತಿದ್ದರೆ ಬೀಗವೇ ಬೇಸತ್ತು ಒಂದು ದಿನ ಕೈಗೆ ಬರುತ್ತದೆ ಎಂದು ಮಗಳು ರೇಗಿಸುತ್ತಿದ್ದಳು. ಬರಲಿ, ಹೊಸದು ತಂದರಾಯಿತು ಎನ್ನುತ್ತಿದ್ದಳು ಪುಕ್ಕಲಕ್ಕ. ಗಂಡ ತೀರಿಕೊಂಡ ಮೇಲೆ ಅವಳ ಪಾಲಿಗೆ ಉಳಿದದ್ದು ಈ ಮಗಳೊಬ್ಬಳೇ. ಹೆದರದೆ ಇನ್ನೇನು ಮಾಡಿಯಾಳು?

ಇಂಥವಳ ಕೈಗೆ ಆಸ್ಪತ್ರೆ ಒಪ್ಪಿಸಿದ್ದು ರಕ್ತನಿಧಿಯ ಡೇಟಾಬೇಸನ್ನು. ನೆಲಮಾಳಿಗೆಯಲ್ಲಿ, ರಕ್ತದ ಚೀಲಗಳನ್ನಿಡುವ ತಣ್ಣನೆಯ ಕೋಣೆಯ ಪಕ್ಕದಲ್ಲಿ, ಒಂದು ಸರ್ವರ್, ಒಂದು ಮೇಜು, ಕುಶನ್ ಹರಿದ ಒಂದು ಕುರ್ಚಿ. ಏಸಿಯ ಚಳಿಗೆ ವರ್ಷವಿಡೀ ಸ್ವೆಟರ್. ಯಾರು ಕೊಟ್ಟ ರಕ್ತ, ಯಾವ ಗುಂಪು, ಪರೀಕ್ಷೆಯಲ್ಲಿ ಪಾಸಾಯಿತೋ ಇಲ್ಲವೋ, ಯಾವ ರೋಗಿಗೆ ಹೋಯಿತು ಎಂಬುದೆಲ್ಲ ಆ ಸರ್ವರಿನ ಹೊಟ್ಟೆಯಲ್ಲಿತ್ತು. ಚೀಲಕ್ಕೆ ಅಂಟಿಸುವ ಲೇಬಲ್ ಕೂಡ ಅಲ್ಲಿಂದಲೇ ಅಚ್ಚಾಗಿ ಬರಬೇಕು. ಲೇಬಲ್ ಇಲ್ಲದ ಚೀಲ ಬಾಗಿಲು ದಾಟುವಂತಿರಲಿಲ್ಲ.

ಹಿಂದಿನ ವರ್ಷ ಒಂದು ಮಧ್ಯಾಹ್ನ ಆ ಸರ್ವರಿನ ಡಿಸ್ಕ್ ಇದ್ದಕ್ಕಿದ್ದಂತೆ ಕೈಕೊಟ್ಟಿತ್ತು. ಬ್ಯಾಕಪ್ ಇತ್ತು, ಆದರೆ ಹಿಂದಿನ ರಾತ್ರಿಯದು. ಬೆಳಗಿನಿಂದ ಮಾಡಿದ ಪರೀಕ್ಷೆಗಳ ಫಲಿತಾಂಶ ಅಷ್ಟೂ ಮಾಯ. ಚೀಲಗಳೇನೋ ಕಪಾಟಿನಲ್ಲಿ ಮಟ್ಟಸವಾಗಿ ಕೂತಿದ್ದವು. ಅವುಗಳಲ್ಲಿ ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಹೇಳುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ. ಒಂದು ಸಾಲನ್ನು ಪೂರ್ತಿ ಎಸೆದರು. ಅಂದು ಆಪರೇಷನ್ನಿಗೆ ಕಾದು ಮಲಗಿದ್ದ ಒಬ್ಬ ಮುದುಕನನ್ನು ಬೇರೆ ಊರಿಗೆ ಸಾಗಿಸಿದರು. ಅವನು ಏನಾದನೆಂದು ಯಾರೂ ಹೇಳಲಿಲ್ಲ, ಕೇಳಲು ಪುಕ್ಕಲಕ್ಕನಿಗೆ ಬಾಯಿ ಬರಲಿಲ್ಲ. ಅಂದಿನಿಂದ ಬ್ಯಾಕಪ್ ಎಂಬ ಮಾತಿನ ಮೇಲಿನ ನಂಬಿಕೆಯೇ ಅವಳಿಗೆ ಹೊರಟುಹೋಯಿತು.

ಅಷ್ಟರಲ್ಲಿ ಮಗಳು ಬಸುರಾದಳು. ಹೆರಿಗೆ ಇದೇ ಆಸ್ಪತ್ರೆಯಲ್ಲೇ ಎಂದು ನಿಶ್ಚಯವಾಯಿತು. ಮಗಳದ್ದು ಸುಲಭಕ್ಕೆ ಸಿಗದ ರಕ್ತದ ಗುಂಪು. ಮಾಸು ಕೆಳಗೆ ಕೂತಿದೆ, ಹೆರಿಗೆಯಲ್ಲಿ ರಕ್ತ ಹೆಚ್ಚು ಹೋದರೂ ಹೋಗಬಹುದು, ಎರಡು ಚೀಲ ತೆಗೆದಿಟ್ಟಿರಿ ಎಂದರು ದೊಡ್ಡ ಡಾಕ್ಟರು. ಆ ಮಾತು ಕೇಳಿದ ಗಳಿಗೆಯಿಂದ ಅವಳಿಗೆ ಅನ್ನ ನೀರು ಸೇರಲಿಲ್ಲ. ಮಗಳ ಹೆಸರಿನ ಆ ಎರಡು ಚೀಲ ಕಪಾಟಿನಲ್ಲಿದ್ದು, ಅವುಗಳ ವಿವರವಿರುವ ಡಿಸ್ಕ್ ಮತ್ತೆ ಕೈಕೊಟ್ಟರೆ? ಊಟಕ್ಕೆ ಕೂತರೆ ಅದೇ, ಬಸ್ಸಿನಲ್ಲಿ ಕೂತರೆ ಅದೇ.

ಇದಕ್ಕೆ ಉಪಾಯವಿತ್ತು. ಡೇಟಾಬೇಸಿನಲ್ಲಿ ಏನೇ ಬದಲಾದರೂ ಅದು ಮೊದಲು ಲಾಗ್ ಎಂಬ ಕಡತಕ್ಕೆ ಬೀಳುತ್ತದೆ. ಅಂಥವು ಕೆಲವೇ ಕೆಲವು. ಎಲ್ಲವೂ ತುಂಬಿದ ಮೇಲೆ ಸರ್ವರ್ ಮೊದಲನೆಯದಕ್ಕೆ ಮರಳಿ, ಸ್ಲೇಟು ಒರೆಸಿದ ಹಾಗೆ ಹಳೆಯದನ್ನು ಅಳಿಸಿ ಬರೆಯುತ್ತದೆ. ಆರ್ಕೈವ್ ಲಾಗಿಂಗ್ ಶುರುಮಾಡಿದರೆ ಮಾತ್ರ, ಅಳಿಸುವ ಮುಂಚೆ ಅದರ ಒಂದು ಪ್ರತಿ ಬೇರೆ ಡಿಸ್ಕಿಗೆ ಹೋಗಿ ಕೂರುತ್ತದೆ. ರಾತ್ರಿಯ ಬ್ಯಾಕಪ್ಪಿನ ಮೇಲೆ ಈ ಪ್ರತಿಗಳನ್ನು ಒಂದೊಂದಾಗಿ ಹಚ್ಚುತ್ತ ಬಂದರೆ ಡಿಸ್ಕ್ ಕೈಕೊಟ್ಟ ಗಳಿಗೆಯ ತನಕ ಎಲ್ಲವನ್ನೂ ಮರಳಿ ಪಡೆಯಬಹುದು. ಹೊಸ ಡಿಸ್ಕ್ ಕೊಡಿಸಿ ಎಂದು ದೊಡ್ಡ ಡಾಕ್ಟರ ಬಾಗಿಲಿಗೆ ಅಲೆದು ಅಲೆದು ಅವಳ ಚಪ್ಪಲಿ ಸವೆಯಿತು. ಕಾಟ ತಾಳಲಾರದೆ ಅವರು ಹೂಂ ಎಂದರು.

ಆದರೆ ಶುರುಮಾಡಬೇಕೆಂದರೆ ಡೇಟಾಬೇಸನ್ನು ಒಮ್ಮೆ ಪೂರ್ತಿ ನಿಲ್ಲಿಸಬೇಕು. ನಿಲ್ಲಿಸಿದ್ದು ಮತ್ತೆ ಏಳದಿದ್ದರೆ ಎಂಬುದು ಅವಳ ಹೊಸ ಹೆದರಿಕೆ. ಆಪರೇಷನ್ ಇಲ್ಲದ ಒಂದು ಮಧ್ಯಾಹ್ನ ನೋಡಿ, ಎಲ್ಲರಿಗೂ ಹೇಳಿ, ನಿಲ್ಲಿಸುವ ಆಜ್ಞೆ ಕೊಟ್ಟಳು. ಪರದೆ ಸುಮ್ಮನಾಯಿತು. ಅರ್ಧ ಎಬ್ಬಿಸಿ, ಆರ್ಕೈವ್ ಶುರುಮಾಡು ಎಂಬ ಸಾಲು ಟೈಪಿಸಿ, ಪೂರ್ತಿ ತೆರೆ ಎಂದಳು. ಅದು ತೆರೆಯುವ ತನಕ ಉಸಿರೇ ಬಿಡಲಿಲ್ಲವೆಂದು ಆಮೇಲೆ ರಕ್ತನಿಧಿಯ ಟೆಕ್ನೀಷಿಯನ್ನನ ಹತ್ತಿರ ಹೇಳಿಕೊಂಡಳು. ಡೇಟಾಬೇಸ್ ಎದ್ದಿತು. ಆಗಲೇ ಹೊಸದಾಗಿ ಪೂರ್ತಿ ಬ್ಯಾಕಪ್ ತೆಗೆದಳು. ಮೊದಲ ಪ್ರತಿ ಹೊಸ ಡಿಸ್ಕಿಗೆ ಬಂದು ಬಿದ್ದದ್ದನ್ನು ಕಂಡಾಗ, ಮಗಳ ಜೀವಕ್ಕೇ ಬೀಗ ಹಾಕಿ ಜಗ್ಗಿ ನೋಡಿದಷ್ಟು ಸಮಾಧಾನವಾಯಿತು.

ಈ ಏರ್ಪಾಟಿಗೆ ಒಂದು ಕಟ್ಟಳೆಯುಂಟು. ಪ್ರತಿ ಇಡಲು ಜಾಗ ಸಿಗದಿದ್ದರೆ ಸರ್ವರ್ ಹಳೆಯ ಲಾಗನ್ನು ಅಳಿಸುವುದಿಲ್ಲ, ಮುಂದಕ್ಕೂ ಬರೆಯುವುದಿಲ್ಲ, ನಿಂತಲ್ಲೇ ನಿಲ್ಲುತ್ತದೆ. ಅದಕ್ಕೇ ಒಂದೊಂದು ಬ್ಯಾಕಪ್ ಆದಾಗಲೂ ಅದಕ್ಕಿಂತ ಹಳೆಯ ಪ್ರತಿಗಳನ್ನು ಅಳಿಸುತ್ತಿರಬೇಕು. ಇದು ಪುಕ್ಕಲಕ್ಕನಿಗೆ ಬಾಯಿಪಾಠ. ಆದರೂ ಅಳಿಸಲಿಲ್ಲ. ಬ್ಯಾಕಪ್ಪೇ ಕೆಟ್ಟಿದ್ದರೆ? ಅದರ ಹಿಂದಿನದೂ ಕೆಟ್ಟಿದ್ದರೆ? ಹೀಗೆ ಹಿಂದೆ ಹಿಂದೆ ಹೋದರೆ ಯಾವ ಲಾಗನ್ನೂ ಬಿಡುವಂತಿರಲಿಲ್ಲ. ಏನಕ್ಕ, ಅವನ್ನೆಲ್ಲ ಇಟ್ಟುಕೊಂಡು ಉಪ್ಪಿನಕಾಯಿ ಹಾಕುತ್ತೀರಾ ಎಂದು ಟೆಕ್ನೀಷಿಯನ್ ಕೆಣಕಿದ. ಹೆರಿಗೆ ಆಗಲಿ, ಆಮೇಲೆ ಅಳಿಸುತ್ತೇನೆ ಎಂದಳು. ಜಾಗ ಎಷ್ಟು ಉಳಿದಿದೆ ಎಂದು ದಿನಾ ಬೆಳಿಗ್ಗೆ ಸಂಜೆ ನೋಡುತ್ತಿದ್ದಳಲ್ಲ, ಆ ಧೈರ್ಯ.

ಮಗಳನ್ನು ಹೆರಿಗೆ ವಾರ್ಡಿಗೆ ಸೇರಿಸಿದ ಮೇಲೆ ಆ ನೋಡುವುದೂ ನಿಂತಿತು. ಮಗಳ ಕಾಲು ಒತ್ತುತ್ತ, ನರ್ಸುಗಳ ತಲೆ ತಿನ್ನುತ್ತ, ಪುಕ್ಕಲಕ್ಕ ಮೇಲಿನ ಮಹಡಿಯಲ್ಲೇ ಉಳಿದಳು. ಅದೇ ಹೊತ್ತಿಗೆ ರಕ್ತನಿಧಿಗೆ ಹೊಸ ಪರೀಕ್ಷಾ ಯಂತ್ರ ಬಂದು, ಅದು ಸಾಲು ಸಾಲಾಗಿ ಅಂಕಿಗಳನ್ನು ಸರ್ವರಿಗೆ ಸುರಿಯತೊಡಗಿತ್ತು. ಲಾಗುಗಳು ಹಿಂದೆಂದೂ ಇಲ್ಲದ ವೇಗದಲ್ಲಿ ತುಂಬುತ್ತಿದ್ದವು. ಮೇಲೆ ಕೂತವಳಿಗೆ ಅದರ ಪರಿವೆಯೇ ಇರಲಿಲ್ಲ.

ಹೆರಿಗೆಯ ದಿನ ಬೆಳಿಗ್ಗೆ ಮಗಳನ್ನು ಆಪರೇಷನ್ ಥಿಯೇಟರಿಗೆ ಒಯ್ದರು. ಬಾಗಿಲ ಹೊರಗೆ ಅಳಿಯನೂ ಅವಳೂ ನಿಂತಿದ್ದರು. ಸ್ವಲ್ಪ ಹೊತ್ತಿಗೆ ಮಗುವಿನ ಅಳು ಕೇಳಿಸಿತು. ಅಳಿಯನ ಮುಖ ಅರಳುವಷ್ಟರಲ್ಲಿ ಒಳಗಿನಿಂದ ನರ್ಸೊಬ್ಬಳು ಓಡಿಬಂದು, ರಕ್ತ ನಿಲ್ಲುತ್ತಿಲ್ಲ, ಮೊದಲ ಚೀಲ ಈಗಲೇ ಬೇಕು ಎಂದು ಕೆಳಗೆ ಫೋನು ಮಾಡಿದಳು. ಚೀಲ ಬರಲಿಲ್ಲ. ಮತ್ತೆ ಫೋನು ಮಾಡಿದಳು. ಕಂಪ್ಯೂಟರ್ ನಿಂತುಬಿಟ್ಟಿದೆಯಂತೆ, ಲೇಬಲ್ ಬರುತ್ತಿಲ್ಲವಂತೆ ಎಂದು ನರ್ಸು ಹೇಳಿದ್ದೇ ತಡ, ಪುಕ್ಕಲಕ್ಕ ನೆಲಮಾಳಿಗೆಗೆ ಓಡಿದಳು. ಮೆಟ್ಟಿಲು ಹೇಗೆ ಇಳಿದಳೋ ಅವಳಿಗೇ ತಿಳಿಯದು.

ಟೆಕ್ನೀಷಿಯನ್ ಚೀಲವನ್ನು ಕೈಯಲ್ಲೇ ಹಿಡಿದುಕೊಂಡಿದ್ದ. ಪರದೆಯ ಮೇಲೆ ಮಗಳ ಹೆಸರು, ಗುಂಪು, ಚೀಲದ ನಂಬರು, ಎಲ್ಲ ಕಾಣುತ್ತಿತ್ತು. ‘ಕೊಡು’ ಎಂಬ ಗುಂಡಿ ಒತ್ತಿದರೆ ಮಾತ್ರ ಅದು ಹಾಗೇ ನಿಲ್ಲುತ್ತಿತ್ತು. ಕೈಬರಹದ ಚೀಟಿಯ ಮೇಲೆ ಕೊಡಬೇಕೆಂದರೆ ದೊಡ್ಡ ಡಾಕ್ಟರ ಸಹಿ ಬೇಕು, ಅವರು ಥಿಯೇಟರಿನಲ್ಲಿದ್ದಾರೆ. ಹೋಗಿ ಸಹಿ ತಾ ಎಂದು ಅವನನ್ನು ಓಡಿಸಿ, ತಾನು ಸರ್ವರಿನ ಮುಂದೆ ಕೂತಳು.

ಡಿಸ್ಕ್ ಮತ್ತೆ ಕೈಕೊಟ್ಟಿತು ಎಂದೇ ಅವಳು ತಿಳಿದದ್ದು. ಎಲ್ಲವನ್ನೂ ಹಠಾತ್ತನೆ ಆರಿಸಿ ಬ್ಯಾಕಪ್ಪಿನಿಂದ ಹೊಸದಾಗಿ ಕಟ್ಟುವುದೊಂದೇ ದಾರಿ, ಅದಕ್ಕೆ ಮಧ್ಯಾಹ್ನದವರೆಗೆ ಹಿಡಿಯುತ್ತದೆ, ಅಷ್ಟರಲ್ಲಿ ಮಗಳು? ಆರಿಸುವ ಸಾಲನ್ನು ಟೈಪಿಸಿಯೂ ಆಗಿತ್ತು. ಒತ್ತುವ ಮುಂಚೆ, ಹಳೆಯ ಚಟ ಬಿಡಲಿಲ್ಲ, ಸರ್ವರ್ ತನ್ನ ತೊಂದರೆಗಳನ್ನು ಬರೆದಿಡುವ ಕಡತವನ್ನೊಮ್ಮೆ ತೆರೆದು ನೋಡಿದಳು. ಕೊನೆಯಲ್ಲಿ ಒಂದೇ ಮಾತು ಮೇಲಿಂದ ಮೇಲೆ ಇತ್ತು: ಆರ್ಕೈವ್ ಇಡಲು ಜಾಗವಿಲ್ಲ.

ಡಿಸ್ಕ್ ಕೆಟ್ಟಿರಲಿಲ್ಲ. ಡೇಟಾಬೇಸ್ ಗಟ್ಟಿಯಾಗಿತ್ತು. ಅವಳು ಕೂಡಿಟ್ಟದ್ದೇ ತುಂಬಿ, ಹೊಸದಕ್ಕೆ ಜಾಗ ಸಿಗದೆ ನಿಂತಿತ್ತು. ಇದು ತಿಳಿದಾಗ ಆದ ಹೆದರಿಕೆಯ ಮುಂದೆ ಹಿಂದಿನದೆಲ್ಲ ಏನೂ ಅಲ್ಲ. ಮೇಲೆ ಮಗಳ ಮೈಯಿಂದ ರಕ್ತ ಹೋಗುತ್ತಿದೆ, ಅದಕ್ಕೆ ಅಡ್ಡ ನಿಂತಿರುವುದು ತಾನು.

ಅಳಿಸಬೇಕು, ಈಗಲೇ. ಆದರೆ ಆರ್ಕೈವ್ ಇರುವ ಜಾಗದ ಹೆಸರಿಗೂ ಡೇಟಾ ಇರುವ ಜಾಗದ ಹೆಸರಿಗೂ ಕೊನೆಯಲ್ಲಷ್ಟೇ ವ್ಯತ್ಯಾಸ. ಕೈ ತಪ್ಪಿ ಅದನ್ನು ಬಿಟ್ಟು ಇದನ್ನು ಅಳಿಸಿದರೆ ರಕ್ತನಿಧಿಯೇ ಅಳಿದಂತೆ. ಎರಡು ಸಲ ತಪ್ಪು ಟೈಪಿಸಿ ಒರೆಸಿದಳು. ಮೂರನೆಯ ಸಲ ಬರೆದದ್ದನ್ನು ಒಂದೊಂದೇ ಅಕ್ಷರ ಬಾಯಿಬಿಟ್ಟು ಓದಿದಳು. ಇಂಥಾದ್ದನ್ನು ಹತ್ತು ಸಲ ಓದುವವಳು ಅವಳು. ಅಂದು ಒಂದೇ ಸಲ ಓದಿ, ಕಣ್ಣು ಮುಚ್ಚಿ ಒತ್ತಿಬಿಟ್ಟಳು.

ಹಳೆಯ ಲಾಗುಗಳು ಹೋದವು. ಅರೆಗಳಿಗೆ ಏನೂ ಆಗಲಿಲ್ಲ. ಆಮೇಲೆ ಸರ್ವರಿನ ದೀಪಗಳು ಪಟಪಟನೆ ಮಿಟುಕಿದವು. ಆಗ ಒತ್ತಿ ನಿಂತಿದ್ದ ‘ಕೊಡು’ ಮುಂದುವರಿದು, ಪಕ್ಕದ ಕೋಣೆಯಲ್ಲಿ ಲೇಬಲ್ ಅಚ್ಚಾಗುವ ಸದ್ದು ಕೇಳಿಸಿತು. ಸಹಿಯಾದ ಚೀಟಿ ಹಿಡಿದು ಏದುಸಿರಲ್ಲಿ ಬಂದ ಟೆಕ್ನೀಷಿಯನ್ ಲೇಬಲ್ ಅಂಟಿಸಿ, ಚೀಲ ಎತ್ತಿಕೊಂಡು ಬಂದ ಹಾದಿಯಲ್ಲೇ ಓಡಿದ. ಅವಳೂ ಅವನ ಹಿಂದೆ ಮೆಟ್ಟಿಲು ಹತ್ತಿದಳು.

ಮೇಲೆ ಹೋಗುವಷ್ಟರಲ್ಲಿ ರಕ್ತ ಏರುತ್ತಿತ್ತು. ಒಳಗೆ ಬಿಡಲಿಲ್ಲ. ಸಂಜೆ ಹೊತ್ತಿಗೆ ಮಗಳನ್ನು ಹೊರಗಿನ ಕೋಣೆಗೆ ತಂದರು. ಅಪಾಯ ಪೂರ್ತಿ ಕಳೆದಿಲ್ಲ, ಆದರೂ ಕಣ್ಣು ಬಿಟ್ಟಿದ್ದಾಳೆ, ಒಬ್ಬೊಬ್ಬರಾಗಿ ನೋಡಬಹುದು ಎಂದರು. ಮೊದಲು ನೋಡಿ ಬಂದ ಅಳಿಯ ಅವಳ ಎರಡೂ ಕೈ ಹಿಡಿದುಕೊಂಡ. ಅವನ ಕಣ್ಣು ತುಂಬಿತ್ತು. “ನೀವಿದ್ದಿದ್ದಕ್ಕೆ ಉಳಿದ್ಲು ಅತ್ತೆ. ಕೆಳಗೆ ಓಡಿಹೋಗಿ ಸರಿ ಮಾಡಿದ್ರಂತಲ್ಲ, ನರ್ಸ್ ಹೇಳಿದ್ರು,” ಎಂದ.

ಹೂಂ ಎಂದು ಸುಮ್ಮನಿದ್ದರೆ ಮುಗಿಯುತ್ತಿತ್ತು. ಪುಕ್ಕಲಕ್ಕನಿಂದ ಅದು ಆಗಲಿಲ್ಲ.

“ನಾನಿದ್ದಿದ್ದಕ್ಕೇ ತಡ ಆಗಿದ್ದು,” ಎಂದಳು. “ಅಳಿಸ್ಬೇಕಾದ್ದನ್ನ ನಾನು ಹೆದರಿಕೊಂಡು ಅಳಿಸಿರ್ಲಿಲ್ಲ. ಅದಕ್ಕೇ ಕಂಪ್ಯೂಟರ್ ನಿಂತಿದ್ದು. ಚೀಲ ರೆಡಿ ಇತ್ತು.”

ಅಳಿಯನಿಗೆ ಮೊದಲು ತಲೆಬುಡ ತಿಳಿಯಲಿಲ್ಲ. ಅವಳು ಮತ್ತೆ, ಬಿಡಿಸಿ ಹೇಳಿದಳು. ಹೇಳುತ್ತಿದ್ದಂತೆ ಅವನ ಕೈ ಸಡಿಲವಾದದ್ದು ಅವಳಿಗೆ ಗೊತ್ತಾಯಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಅವನು ಬೈಯಲಿಲ್ಲ. ಮಗಳ ಕೋಣೆಯ ಬಾಗಿಲು ಎದುರಿಗೇ ಇತ್ತು, ಅರ್ಧ ತೆರೆದಿತ್ತು, ಒಳಗೆ ಮಂಚದ ಕಾಲು ಮಾತ್ರ ಕಾಣುತ್ತಿತ್ತು. ಪುಕ್ಕಲಕ್ಕ ಅತ್ತ ಒಂದು ಹೆಜ್ಜೆ ಇಟ್ಟಳು.

“ಅತ್ತೆ,” ಎಂದ ಅವನು, ತಗ್ಗಿದ ದನಿಯಲ್ಲಿ. “ಇನ್ನೊಂದು ಬಾಟಲಿನೂ ಬೇಕಂತೆ. ಈಗ ಹೇಳಿದ್ರು. ನೀವು ಕೆಳಗೇ ಹೋಗಿ ಕೂತ್ಕೊಳ್ಳಿ.”

ಅದು ಸಿಟ್ಟೋ ನಂಬಿಕೆಯೋ ಅವಳಿಗೆ ಬಗೆಹರಿಯಲಿಲ್ಲ. ಕೇಳಲೂ ಇಲ್ಲ. ಮಗಳು ಒಳಗಿನಿಂದ ಅಮ್ಮ ಎಲ್ಲಿ ಎಂದು ಕೇಳಿದ್ದು ಅವಳ ಕಿವಿಗೂ ಬಿತ್ತು. ಬರ್ತಾರೆ, ಸ್ವಲ್ಪ ಕೆಲಸ ಇದೆ ಎಂದು ಅಳಿಯ ಉತ್ತರ ಕೊಟ್ಟ. ಪುಕ್ಕಲಕ್ಕ ಮೆಟ್ಟಿಲಿಳಿದು ಹೋಗಿ, ಸ್ವೆಟರ್ ಹಾಕಿಕೊಂಡು, ಸರ್ವರಿನ ಮುಂದೆ ಕೂತಳು. ಮಗಳ ಮುಖ ಅವಳು ನೋಡಿದ್ದು ಎರಡನೆಯ ಚೀಲ ಮೇಲೆ ಹೋದ ನಂತರವೇ.