ಗೋಡೆ ನೋಡಿ ಮಾತಾಡಿದ ಚನ್ನಬಸವ್ವ

“ಮೊದಲ ಮೊದಲ ನಾ ಖುಷಿ ಪಟ್ಟೇನ್ರಿ ಬಾಯಾರ. ಸುಳ್ಳ ಯಾಕ ಹೇಳಲಿ? ಮುಂಜಾನೆ ಜಳಕಾ ಮಾಡಿ, ಈಬತ್ತಿ ಹಚಗೊಂಡು, ಎಡಗೈಯಾಗ ಲಿಂಗ ಹಿಡಕೊಂಡು ಕುಂತರ ರೆಪ್ಪಿ ಬಡೀದಂಗ ನೋಡಬೇಕಂತ ನಮ್ಮವ್ವ ಕಲಿಸಿದ್ದಳು. ಐವತ್ತು ವರ್ಷ ಹಂಗ ನೋಡೇನಿ. ಒಂದಿನ ಪೂಜಿ ಮುಗಿಸಿ ತಲಿ ಎತ್ತಿದರ, ಎದುರಿನ ಗ್ವಾಡಿ ಮ್ಯಾಲೂ ಲಿಂಗದಂಥಾ ಒಂದು ಕರೀ ಗುಂಡ! ಬಾಗಲಾ ನೋಡಿದರ ಬಾಗಲದ ಮ್ಯಾಲ. ಶಿವ ನನ್ನ ಕಣ್ಣಾಗ ಬಂದು ಕುಂತಾನ ಅಂದಕೊಂಡೆ. ಯಾರಿಗೂ ಹೇಳಲಿಲ್ಲ, ಹೇಳಿದರ ಎದ್ದು ಹೋದಾನು ಅಂತ ಅಂಜಿಕಿ. ಆಮ್ಯಾಲ ಆ ಕಪ್ಪು ದೊಡ್ಡದಾತು. ತಾಟಿನ್ಯಾಗಿನ ಪಲ್ಯಾ ಮುಚ್ಚಿತು. ಮಗನ ಮಾರಿ ಮುಚ್ಚಿತು. ಕಡೀಕ ಅಂಗೈಯಾಗಿನ ಲಿಂಗಾನೂ ಮುಚ್ಚಿತು. ಲಿಂಗಾ ಮುಚ್ಚೂ ಲಿಂಗ ಎಲ್ಲ್ಯಾರ ಇರತೈತೇನ್ರಿ? ಅವತ್ತ ಗೊತ್ತಾತು, ಇದು ಶಿವ ಅಲ್ಲ, ಬ್ಯಾನಿ ಅಂತ.”

ಕಿಟಕಿಯ ಸರಳು ಹಿಡಿದುಕೊಂಡು ಚನ್ನಬಸವ್ವ ಇದನ್ನೆಲ್ಲ ಹೇಳಿದ್ದು ಪಕ್ಕದ ಮನೆಯ ರಾಧಾಬಾಯಿಗೆ. ರಾಧಾಬಾಯಿ ಹೊರಗೆ ನಿಂತಿದ್ದರು. ಚನ್ನಬಸವ್ವ ಒಳಗಿದ್ದಳು. ಬಾಗಿಲಿಗೆ ಹೊರಗಿನಿಂದ ಕೊಂಡಿ ಬಿದ್ದಿತ್ತು.

“ಕೊಂಡಿ ತಗದು ಬಿಡ್ಲೇನ್ರಿ?” ಎಂದರು ರಾಧಾಬಾಯಿ. “ಆದ್ರ ನಿಮ್ಮ ಮಗ ಬಂದು ನನಗ ಕೊಂಡಿ ಹಾಕ್ತಾನ, ಅದೊಂದು ಭಯ ಅದ.”

“ಬ್ಯಾಡ್ರಿ, ಅವನ ಸಿಟ್ಟು ನಿಮಗ್ಯಾಕ?” ಎಂದಳು ಚನ್ನಬಸವ್ವ.

ಎರಡನೇ ಮಹಾಯುದ್ಧದ ವರ್ಷಗಳು ಅವು. ಮಗ ಶಿವಪುತ್ರಪ್ಪ ಪುಣೆ ಹತ್ತಿರದ ಖಡಕಿಯ ಮದ್ದುಗುಂಡಿನ ಕಾರ್ಖಾನೆಯಲ್ಲಿ ಲೇಥ್ ಯಂತ್ರದ ಮುಂದೆ ದಿನಕ್ಕೆ ಹನ್ನೆರಡು ತಾಸು ನಿಲ್ಲುತ್ತಿದ್ದ. ಸೊಸೆ ನಾಗವ್ವ ರೇಷನ್ ಚೀಟಿ ಹಿಡಿದು ಸಾಲಿನಲ್ಲಿ ನಿಂತರೆ ಮಧ್ಯಾಹ್ನ ಸರಿದರೂ ಬರುತ್ತಿರಲಿಲ್ಲ. ಗಂಡ ನಿಜಲಿಂಗಪ್ಪ ತೀರಿಕೊಂಡ ಮೇಲೆ ಚನ್ನಬಸವ್ವ ಬೈಲಹೊಂಗಲದ ಕಡೆಯ ಊರು ಬಿಟ್ಟು ಸಾಲುಮನೆಗಳ ಚಾಳಿನಲ್ಲಿದ್ದ ಮಗನ ಈ ಎರಡು ಖೋಲಿಯ ಮನೆಗೆ ಬಂದಿದ್ದಳು. ಬಂದಾಗ ಬೀಸುವುದು, ರೊಟ್ಟಿ ಬಡಿಯುವುದು, ನಳದಿಂದ ನೀರು ತರುವುದು ಎಲ್ಲ ಅವಳ ಕೈಯಲ್ಲೇ ಇತ್ತು.

ಕೊಂಡಿ ಬಿದ್ದದ್ದು ಟ್ರಕ್ಕಿನ ದೆಸೆಯಿಂದ. ಒಂದು ದಿನ ಬಿಲ್ವಪತ್ರೆಗೆಂದು ಹೊರಟವಳು ದೊಡ್ಡ ರಸ್ತೆ ದಾಟುತ್ತಿದ್ದಳು. ಹಾರ್ನು ಕೇಳಿತು. ಸಪ್ಪಳ ಬಂದ ಕಡೆಗೇ ಮುಖ ತಿರುಗಿಸಿ ನೇರ ನೋಡಿದಳು. ನೋಡಿದಲ್ಲಿ ಅವಳಿಗೆ ಏನೂ ಕಾಣಲಿಲ್ಲ. ರಸ್ತೆ ಖಾಲಿ ಇದೆ ಎಂದು ಹೆಜ್ಜೆ ಮುಂದಿಟ್ಟಳು. ಮಿಲಿಟರಿ ಟ್ರಕ್ಕು ಒಂದು ಮೊಳ ದೂರದಲ್ಲಿ ಕಿರುಗುಟ್ಟಿ ನಿಂತಿತು. ಡ್ರೈವರ ಬೈದ ಬೈಗುಳ ಚಾಳಿನವರೆಗೂ ಕೇಳಿತಂತೆ.

ಶಿವಪುತ್ರಪ್ಪ ಅರ್ಧ ದಿನದ ರಜೆ ಹಾಕಿ ಅವಳನ್ನು ಪುಣೆಯ ಕಣ್ಣಿನ ಡಾಕ್ಟರರ ಬಳಿ ಕರೆದೊಯ್ದ. ಅವರು ಹನಿ ಹಾಕಿ, ದೀಪ ಬಿಟ್ಟು ಬಹಳ ಹೊತ್ತು ನೋಡಿದರು. ಕಣ್ಣಿನ ಹಿಂದಿನ ಪರದೆ ವಯಸ್ಸಿನಿಂದ ನಟ್ಟನಡುವೆ ಸವೆದಿದೆ, ಇದಕ್ಕೆ ಔಷಧವಿಲ್ಲ, ಕನ್ನಡಕದಿಂದಲೂ ಗುಣವಿಲ್ಲ, ಆದರೆ ಸುತ್ತಲಿನ ನೋಟ ಉಳಿಯುತ್ತದೆ ಎಂದು ಮರಾಠಿಯಲ್ಲಿ ಹೇಳಿದರು. ಅಷ್ಟಿಷ್ಟು ಮರಾಠಿ ಬಲ್ಲ ಚನ್ನಬಸವ್ವನಿಗೆ ಮಾತು ಕೇಳಿಸಿತು, ಅದರ ಅರ್ಥ ಆಗ ಹೊಳೆಯಲಿಲ್ಲ. ಮಗ ಔಷಧವಿಲ್ಲ ಎಂಬಲ್ಲಿಗೇ ಕೇಳುವುದನ್ನು ನಿಲ್ಲಿಸಿದ್ದ. ಮರುದಿನದಿಂದ ಬಾಗಿಲಿಗೆ ಕೊಂಡಿ ಹಾಕತೊಡಗಿದ.

ಒಳಗೆ ದಿನ ಸವೆಯುತ್ತಿರಲಿಲ್ಲ. ಒಲೆ ಮುಟ್ಟುವಂತಿಲ್ಲ. ನಳಕ್ಕೆ ನೀರು ಬಂದ ಸದ್ದು, ಹೆಂಗಸರ ಜಗಳ, ಕೊಡ ತುಂಬುತ್ತಾ ಬಂದಂತೆ ಏರುವ ದನಿ, ಎಲ್ಲವೂ ಗೋಡೆಯಾಚೆ. ಚನ್ನಬಸವ್ವ ಖೋಲಿಯನ್ನು ಉದ್ದಕ್ಕೆ ಅಳೆದರೆ ಒಂಬತ್ತು ಹೆಜ್ಜೆ, ಅಡ್ಡಕ್ಕೆ ಆರು. ಸತ್ತವರನ್ನೂ ಇಷ್ಟು ಹೊತ್ತು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲವಲ್ಲ ಎಂದುಕೊಂಡಳು. ಅವಳಿಗೆ ಬೇಕಿದ್ದದ್ದು ಒಂದೇ. ಆ ಕೊಂಡಿ ತೆಗೆಯಬೇಕು, ಕೈಗೊಂದು ಕೆಲಸ ಬರಬೇಕು.

ಒಂದು ಮುಂಜಾನೆ ಪೂಜೆಗೆ ಕೂತಿದ್ದಳು. ಕಾಣದಿದ್ದರೂ ಅಂಗೈ ನಡುವೆಯೇ ದೃಷ್ಟಿ ನೆಟ್ಟಿದ್ದಳು. ಹೊರಗೆ ಯಾರದೋ ಕೊಡ ಧಡಲ್ಲನೆ ಬಿತ್ತು. ಬೆಚ್ಚಿ ಕಣ್ಣು ಪಕ್ಕಕ್ಕೆ ಹೊರಳಿತು. ಆ ಕ್ಷಣದಲ್ಲಿ ನೋಟದ ಅಂಚಿನಲ್ಲಿ ಲಿಂಗ ಕಂಡಿತು. ಮೇಲಿಟ್ಟ ಪತ್ರೆಯೂ ಹಸಿರಾಗಿ ಕಂಡಿತು. ಕೂಡಲೇ ನೇರ ನೋಡಿದಳು. ಇಲ್ಲ.

ಪೂಜೆಯಲ್ಲಿ ಕಣ್ಣು ಬೇರೆ ಕಡೆ ಹರಿಸುವುದು ತಪ್ಪು. ಐವತ್ತು ವರ್ಷ ಆ ತಪ್ಪು ಮಾಡಿರದ ಕಾರಣಕ್ಕೇ ಅವಳಿಗೆ ಇದು ಗೊತ್ತಾಗಿರಲಿಲ್ಲ. ಬಹಳ ಹೊತ್ತು ಹಾಗೇ ಕೂತಳು. ಕೊನೆಗೆ, “ತಪ್ಪ ತಿಳೀಬ್ಯಾಡಪಾ ನನ್ನಪ್ಪ, ನಿನ್ನ ನೋಡಾಕನ ಅತ್ತಾಗ ನೋಡತೇನಿ,” ಎಂದು ಕಣ್ಣನ್ನು ಮೂಲೆಗೆ ತಿರುಗಿಸಿದಳು.

ಅಂದಿನಿಂದ ಅದೇ ರೂಢಿ. ತಂಬಿಗೆ ಕಾಣಬೇಕಾದರೆ ಗೋಡೆ ನೋಡುವುದು, ಬಾಗಿಲು ಕಾಣಬೇಕಾದರೆ ಕಿಟಕಿ ನೋಡುವುದು. ತಲೆ ನೋಯುತ್ತಿತ್ತು. ಬಿಡಲಿಲ್ಲ.

ರವಿವಾರ ಮಗ ಉಣ್ಣಲು ಕೂತಾಗ ಬಾಯಿ ಬಿಟ್ಟಳು. “ಶಿವಪುತ್ರಾ, ನಾಳಿಂದ ಕೊಂಡಿ ಹಾಕಬ್ಯಾಡ.”

“ಮತ್ತ ಟ್ರಕ್ಕಿನ ಕೆಳಗ ಹೋಗಾಕೇನವಾ? ಕಾಣೂದಿಲ್ಲಂತ ಡಾಕ್ಟರ ಹೇಳ್ಯಾನ.”

“ನಡುವ ಕಾಣೂದಿಲ್ಲ ಅಂದ. ನೀ ಪೂರಾ ಕೇಳಲಿಲ್ಲ.”

ಅವನು ಎಡಗೈಯ ಬೆರಳುಗಳನ್ನು ಅವಳ ಮುಖದ ಮುಂದೆ ಹಿಡಿದ. “ಹಂಗಾರ ಹೇಳು, ಎಷ್ಟು ಬಳ್ಳು?”

ಚನ್ನಬಸವ್ವ ನಿಧಾನಕ್ಕೆ ಮುಖ ಹೊರಳಿಸಿದಳು.

“ಅತ್ತಾಗೇನ ನೋಡತಿ? ನಾ ಇಲ್ಲಿದೇನಿ, ಅದು ಗ್ವಾಡಿ.”

“ಗ್ವಾಡಿ ನೋಡಿದರನ ನೀ ಕಾಣ್ತಿ ಮಗನ. ಸುಮ್ಮನಿರು... ಮೂರು. ಹೆಬ್ಬಟ್ಟಿಗೆ ಬಿಳೀ ಅರಿವಿ ಸುತ್ತೀದಿ. ಯಾವಾಗ ಕೊಯ್ಕೊಂಡಿ? ಮಶಿನ್ಯಾಗೇನು?”

ಶಿವಪುತ್ರಪ್ಪ ಕೈ ಕೆಳಗಿಳಿಸಿದ. ಒಲೆಯ ಕಡೆಯಿಂದ ನಾಗವ್ವ ನಕ್ಕಳು. “ಅತ್ತಿಯವರಿಗೆ ಹೇಳಬ್ಯಾಡಂತ ನನ್ನ ಬಾಯಿ ಕಟ್ಟಿದ್ರಲ್ಲ, ಈಗ ತಗೋರಿ.”

ಅವನಿಗೆ ನಗು ಬರಲಿಲ್ಲ. ತುತ್ತನ್ನು ತಾಟಿನಲ್ಲೇ ಬಿಟ್ಟು ಕೂತ. “ಅವತ್ತ ಮಂದಿ ಬಂದು ‘ನಿಮ್ಮವ್ವ ಟ್ರಕ್ಕಿಗೆ ಸಿಕ್ಕಾಳ’ ಅಂದಾಗ, ಫ್ಯಾಕ್ಟರಿ ಗೇಟಿನಿಂದ ಓಡಿ ಬಂದೇನವಾ. ನೀ ಬದಕೀದಿ ಅಂತ ಯಾರೂ ಹೇಳಲಿಲ್ಲ.” ತಾಟನ್ನು ಪಕ್ಕಕ್ಕೆ ಸರಿಸಿದ. “ಕೊಂಡಿ ಹಾಕೂದಿಲ್ಲ. ಆದರ ಒಲಿ ಮುಟ್ಟಬ್ಯಾಡ. ಬಾಗಲದ ಮುಂದಿನ ಕಟ್ಟಿ ಇಳೀಬ್ಯಾಡ.”

“ಜೈಲು ನಾಕ ಹೆಜ್ಜಿ ದೊಡ್ಡದಾತನ್ನು.”

“ಹಂಗ ಅನ್ನಬ್ಯಾಡವಾ.”

ಚನ್ನಬಸವ್ವ ಗೋಡೆಯ ಕಡೆ ನೋಡುತ್ತಲೇ ತಾಟನ್ನು ಮತ್ತೆ ಅವನ ಮುಂದೆ ಸರಿಸಿದಳು.

ಮರುದಿನ ನಾಗವ್ವ ಚೀಟಿ, ಚೀಲ ಹಿಡಿದು ಹೋದಳು. ಚನ್ನಬಸವ್ವ ಮುಸುರೆ ಪಾತ್ರೆಗಳ ಬುಟ್ಟಿಯನ್ನು ಎಳೆದುಕೊಂಡು ಬಾಗಿಲ ಮುಂದಿನ ಕಟ್ಟೆಗೆ ಬಂದಳು. ನಳ ಹತ್ತೇ ಹೆಜ್ಜೆ ಆಚೆ ಇತ್ತು. ಅಲ್ಲಿಗೆ ಹೋಗುವಂತಿರಲಿಲ್ಲ. ರಾಧಾಬಾಯಿ ಒಂದು ಕೊಡ ನೀರು ತಂದು ಪಕ್ಕಕ್ಕಿಟ್ಟರು.

“ನನ್ನ ಮಾರಿ ನೋಡೂದ ಬಿಟ್ರ್ಯೇನ್ರಿ? ನಳದ ಕಡೆ ಮಾರಿ ಮಾಡೀರಲ್ಲ.”

“ನಿಮ್ಮನ್ನ ನೋಡಾಕತ್ತೇನ್ರಿ. ಕುಂಕುಮಾ ಒಂಚೂರು ಸೊಟ್ಟಾಗೈತಿ.”

“ಅಯ್ಯ, ಬಿಡ್ರಿ!” ಎಂದು ರಾಧಾಬಾಯಿ ಹಣೆ ಮುಟ್ಟಿಕೊಳ್ಳುತ್ತ ಒಳಗೆ ಹೋದರು.

ಚನ್ನಬಸವ್ವ ಹಾಲಿನ ಪಾತ್ರೆ ಎತ್ತಿಕೊಂಡಳು. ಬೂದಿ ಹಾಕಿ, ತೆಂಗಿನ ನಾರಿನಿಂದ ತಿಕ್ಕಿ ತೊಳೆದಳು. ಒಳಗೆ ಕೈಯಾಡಿಸಿದಾಗ ತಳದಲ್ಲಿ ಸೀದ ಕೆನೆ ಬೆರಳಿಗೆ ಒರಟಾಗಿ ತಾಗಿತು. ಇನ್ನೊಂದು ಹಿಡಿ ಬೂದಿ ತೆಗೆದುಕೊಂಡು ಮತ್ತೆ ತಿಕ್ಕತೊಡಗಿದಳು.