ಬಣ್ಣ ಕೆರೆದ ದಂಡ

ವೈರಕ್ಕನಿಗೆ ಅವಳ ಅಣ್ಣ ಒಂದು ಹೆಡ್‌ಲೈಟಿನ ಕೂಲಿ ಇನ್ನೂ ಕೊಡಬೇಕು. ಒಂದೇ ಶೆಡ್ಡಿನಲ್ಲಿ ಅವನು ಗಾಡಿಗಳಿಗೆ ಬಣ್ಣ ಹೊಡೆಯುತ್ತಾನೆ, ಅವಳು ವೈರಿಂಗ್ ಮಾಡುತ್ತಾಳೆ. ಗಿರಾಕಿಯ ದುಡ್ಡೆಲ್ಲ ಬೀಳುವುದು ಅವನ ಜೇಬಿಗೇ.

ಅವನು ಹೊಸದಾಗಿ ಬಣ್ಣ ಹೊಡೆದ ಹಳೇ ಮೋಟಾರ್‌ಸೈಕಲ್ಲಿನ ದೀಪ ಹ್ಯಾಂಡಲ್ ತಿರುಗಿಸಿದಾಗಲೆಲ್ಲ ಕಣ್ಣು ಮುಚ್ಚುತ್ತಿತ್ತು. ವೈರಕ್ಕ ಬಲ್ಬು ಬದಲಿಸಿದಳು, ಸ್ವಿಚ್ಚು ಬಿಚ್ಚಿ ಉಜ್ಜಿದಳು. ದೀಪ ತನ್ನ ಚಾಳಿ ಬಿಡಲಿಲ್ಲ.

"ಕೆಲಸ ಬರದಿದ್ರೆ ಮನೇಲಿ ಬಿದ್ದಿರು," ಎಂದ ಅಣ್ಣ.

ಕೊನೆಗೆ ಅವಳು ಟ್ಯಾಂಕಿನ ಕೆಳಗೆ ಕೈ ಹಾಕಿ ತಡವಿದಳು. ಅರ್ಥಿಂಗ್ ವೈರು ಬರಿ ಕಬ್ಬಿಣ ಮುಟ್ಟಬೇಕಾದ ಜಾಗಕ್ಕೂ ಅಣ್ಣ ದಪ್ಪಗೆ ಬಣ್ಣ ಬಳಿದಿದ್ದ; ಹ್ಯಾಂಡಲ್ ತಿರುಗಿ ವೈರು ಎಳೆದಾಗೆಲ್ಲ ಕರೆಂಟು ತಪ್ಪುತ್ತಿತ್ತು.

"ಇಲ್ಲಿ ಕೆರೀಬೇಕು ಅಣ್ಣಾ."

"ನನ್ನ ಬಣ್ಣ ಮುಟ್ಟಿದ್ರೆ ಕೈ ಮುರೀತೀನಿ."

"ಮುರಿ. ಆಮೇಲೆ ಗಿರಾಕಿ ನಿನ್ನ ಬಣ್ಣದ ಬೆಳಕಲ್ಲೇ ಗಾಡಿ ಓಡಿಸ್ಲಿ."

ಅವಳು ಉಗುರಗಲ ಕೆರೆದು ವೈರು ಬಿಗಿದಳು. ಹ್ಯಾಂಡಲ್ ಯಾವ ಕಡೆ ತಿರುಗಿಸಿದರೂ ದೀಪ ಆರಲಿಲ್ಲ. ಗಿರಾಕಿ ಪೂರಾ ದುಡ್ಡು ಕೊಟ್ಟು ಹೋದ. ಬಣ್ಣ ಕೆಡಿಸಿದ್ದಕ್ಕೆ ದಂಡ ಎಂದು ಅಣ್ಣ ಅವಳ ಪಾಲನ್ನು ನುಂಗಿದ.

ಆ ಶೆಡ್ಡಿಗೆ ಗಾಡಿ ಬಿಡುವವರೇ, ವೈರಿಂಗಿನ ಕೂಲಿಯನ್ನು ಅವಳ ಕೈಗೇ ಕೊಡಿ. ಅವನು ಗುರ್ ಎಂದರೆ ಬಣ್ಣದ ದುಡ್ಡನ್ನೂ ತಡೆಹಿಡಿಯಿರಿ.